ಗೋಡೆಯಾಚೆಯ ಲೆನ್

ನಾನು ಬೆಳೆದದ್ದು ಅರ್ಧ ಮನೆಯಲ್ಲಿ. ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಈಗ ಎನರ್ಜಿ ಕಾರಿಡಾರ್ ಎಂದು ಕರೆಯುವ ಕಡೆ, ಒಂದೇ ಸೂರಿನ ಕೆಳಗೆ ನಡುವೆ ಗೋಡೆ ಎಬ್ಬಿಸಿ ಎರಡು ಸಂಸಾರಗಳಿಗಾಗುವಂತೆ ಕಟ್ಟಿದ ಇಟ್ಟಿಗೆಯ ಮನೆ ಅದು. ಎಡಗಡೆ ನಾವು, ಬಲಗಡೆ ಮಿಸ್ ಐವಿ. ಮದುವೆಯಾಗಿ ಗಂಡನನ್ನು ಕಳೆದುಕೊಂಡ ಹೆಂಗಸನ್ನೂ ಟೆಕ್ಸಸ್ಸಿನ ಮಕ್ಕಳು ಮಿಸ್ ಎಂದೇ ಕರೆಯುವುದರಿಂದ ನಾನೂ ಹಾಗೇ ಕರೆಯುತ್ತಿದ್ದೆ. ನಡುವಿನ ಗೋಡೆ ಎಷ್ಟು ತೆಳುವೆಂದರೆ, ಅಮ್ಮ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ಮರುಗಳಿಗೆಯೇ ಆಚೆಯಿಂದ ಸೀನು ಕೇಳಿಸುತ್ತಿತ್ತು. ಅವರ ಕೆಟಲ್ ಸಿಳ್ಳೆ ಹಾಕಿದರೆ ಈಚೆ ನಮ್ಮಜ್ಜಿ "ಇಟ್ಟಳ ನೋಡು ಚಾ" ಎನ್ನುತ್ತಿದ್ದಳು. ನಮ್ಮ ಪಾಲಿಗೆ ಮೂರು ಕೋಣೆ, ಒಂದು ಅಡುಗೆಮನೆ, ಹಿತ್ತಿಲ ಕಡೆ ಸೊಳ್ಳೆಪರದೆ ಬಾಗಿಲಿನ ಜಗಲಿ. ದೇವರಿಗೆ ಬೇರೆ ಜಾಗವಿರಲಿಲ್ಲ. ಅಜ್ಜಿಯ ಕೋಣೆಯಲ್ಲಿ ಬಟ್ಟೆ ನೇತುಹಾಕುವ ಕ್ಲಾಸೆಟ್ಟಿನಲ್ಲಿ, ಅಪ್ಪನ ಚಳಿಗಾಲದ ಕೋಟುಗಳನ್ನು ಒತ್ತಿ ಸರಿಸಿದ ಮೂಲೆಯಲ್ಲಿ ದೇವರ ಪೆಟ್ಟಿಗೆ ಇತ್ತು. ಅಜ್ಜಿ ದಿನಾ ಬೆಳಿಗ್ಗೆ ಕ್ಲಾಸೆಟ್ಟಿನ ಬಾಗಿಲು ತೆಗೆದು, ಕೋಟುಗಳ ಕೆಳಗೆ ತಲೆ ಬಗ್ಗಿಸಿ ದೀಪ ಹಚ್ಚುತ್ತಿದ್ದಳು. ಯಾವ ಕೋಟಿಗೂ ಒಂದು ದಿನವೂ ಬೆಂಕಿ ತಗುಲಲಿಲ್ಲ. ನಮ್ಮ ಮನೆಯಲ್ಲಿ ದೇವರಿದ್ದಾನೆಂಬುದಕ್ಕೆ ನನಗೆ ಅದೊಂದೇ ಸಾಕ್ಷಿ ಸಾಲುತ್ತಿತ್ತು.

ಅಪ್ಪ ತೈಲ ಕಂಪನಿಯೊಂದರಲ್ಲಿ ಭೂವಿಜ್ಞಾನಿ. ಅಪ್ಪ, ಅಜ್ಜಿ ಧಾರವಾಡದ ಕಡೆಯವರು. ಅಮ್ಮ ಬೆಂಗಳೂರಿನ ಬಸವನಗುಡಿಯವಳು. ಹೀಗಾಗಿ ಮನೆಯಲ್ಲಿ ಎರಡು ಕನ್ನಡ ನಡೆಯುತ್ತಿದ್ದವು. ನಾನು ಎರಡನ್ನೂ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಅಜ್ಜಿಯೊಬ್ಬಳ ಹತ್ತಿರ ಮಾತ್ರ ಆ ಆಟ ನಡೆಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಕೇಳಿದರೆ ಅವಳು ತಿಂಡಿ ಕೊಡುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ, ಆ ನಡುಗೋಡೆಯ ಮೇಲೆಯೇ, ಖಾದಿ ಟೋಪಿ ಹಾಕಿದ ಅಜ್ಜನ ಫೋಟೊ ಇತ್ತು. ಅಜ್ಜ ಶಾಲೆಯ ಮಾಸ್ತರರು. ಚಲೇಜಾವ್ ಚಳವಳಿಯಲ್ಲಿ ಜೈಲಿಗೆ ಹೋಗಿ, ಎದೆಯ ರೋಗ ಹತ್ತಿಸಿಕೊಂಡು ಬಂದು, ಅಪ್ಪನಿಗೆ ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡವರು. ಮನೆಗೆ ಯಾರು ಊಟಕ್ಕೆ ಬಂದರೂ ಅಪ್ಪ ಆ ಫೋಟೊದ ಮುಂದೆ ನಿಂತು ಅದೇ ಮಾತು ಹೇಳುತ್ತಿದ್ದ: "ನಮ್ಮಪ್ಪ ಯಾರ ಮಾತೂ ಕೇಳ್ಲಿಲ್ಲ. ಕೂಸು, ಹೆಂಡ್ತಿ, ನೌಕರಿ ಎಲ್ಲಾ ಬಿಟ್ಟು ದೇಶಕ್ಕಂತ ಹೊಂಟ್ರು." ಆಗ ಅಜ್ಜಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅದು ದುಃಖಕ್ಕೆ ಎಂದು ನಾವೆಲ್ಲ ತಿಳಿದಿದ್ದೆವು.

ಇಂಥ ಅಜ್ಜಿಗೆ ಗೋಡೆಯಾಚೆ ಇಂಗ್ಲೆಂಡಿನವಳೇ ನೆರೆಯವಳಾಗಿ ಸಿಕ್ಕಿದ್ದು ಅಪ್ಪನಿಗೆ ನಗೆಯ ವಿಷಯ, ಅಮ್ಮನಿಗೆ ತಲೆನೋವು. ಮಿಸ್ ಐವಿ ಉತ್ತರ ಇಂಗ್ಲೆಂಡಿನ ಸಣ್ಣ ಊರೊಂದರ ಬೇಕರಿಯವನ ಮಗಳು. ಯುದ್ಧಕಾಲದಲ್ಲಿ ಅಲ್ಲಿಗೆ ಬಂದಿದ್ದ ಅಮೆರಿಕದ ವಿಮಾನದಳದ ಟೆಕ್ಸಸ್ಸಿನವನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಅವರು ಕೇಕ್ ಕೊಟ್ಟರೆ ಅಜ್ಜಿ ಮುಟ್ಟುತ್ತಿರಲಿಲ್ಲ, ಗುಡ್ ಮಾರ್ನಿಂಗ್ ಎಂದರೆ ತುಳಸಿ ಕುಂಡದ ಕಡೆ ತಿರುಗುತ್ತಿದ್ದಳು. ನಾನು ಮಾತ್ರ ಸ್ಕೂಲ್ ಬಸ್ಸಿನಿಂದ ಇಳಿದು ನೇರ ಅಲ್ಲಿಗೇ ಹೋಗುತ್ತಿದ್ದೆ. ಅವರ ಮುಂದಿನ ಕೋಣೆಯಲ್ಲೂ, ಅದೇ ಗೋಡೆಯ ಆ ಮುಖಕ್ಕೆ, ಒಂದು ಫೋಟೊ ಇತ್ತು. ಸೈನ್ಯದ ಟೋಪಿಯನ್ನು ಒಂದು ಕಿವಿಯ ಮೇಲಕ್ಕೆ ವಾಲಿಸಿಕೊಂಡ, ಮುಂದಿನ ಹಲ್ಲೊಂದು ಸೊಟ್ಟಗಿದ್ದ ಹುಡುಗ. ಅವರ ಅಣ್ಣ ಲೆನ್.

ಎರಡು ಮನೆಗಳ ನಡುವೆ ಮಾತು ಶುರುವಾದದ್ದು ಒಂದೇ ಒಂದು ಪದದಿಂದ. ನನಗಾಗ ಹತ್ತು ವರ್ಷ. ಒಂದು ಭಾನುವಾರ ಮಿಸ್ ಐವಿ ಹಳೆಯ ಕಾಗದವೊಂದನ್ನು ಹಿಡಿದು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ಲೆನ್ ಬರ್ಮಾ ಗಡಿಯಿಂದ ಬರೆದ ಕೊನೆಯ ಕಾಗದ ಅದು. ಮಳೆಯ ಬಗ್ಗೆ ಬರೆದು, ಕೊನೆಯಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಪದ ಹಾಕಿದ್ದ. ಅದು ಸೈನ್ಯದ ಯಾವುದೋ ಸಂಕೇತವಿರಬೇಕೆಂದು ಅವರಮ್ಮ ಸಾಯುವವರೆಗೂ ನಂಬಿದ್ದರಂತೆ. ಹಿಂದಿನ ದಿನ ಗೋಡೆಯ ಈಚೆಯಿಂದ ಅದೇ ಪದವನ್ನು ನಾನು ಕೂಗಿದ್ದು ಅವರ ಕಿವಿಗೆ ಬಿದ್ದಿತ್ತು. ಅಮ್ಮ ಕೈ ಒರೆಸಿಕೊಂಡು ಕಾಗದ ನೋಡಿದವಳೇ ನನ್ನ ಕಡೆ ತಿರುಗಿ ನಕ್ಕುಬಿಟ್ಟಳು.

"ಅಯ್ಯೋ, ಇದು 'ಸಾಕು' ಕಣೇ ಸುಮಾ! ಮಳೆ ಸಾಕು ಅಂತ ಬರ್ದಿದಾನೆ ಪಾಪ. ಇವ್ನಿಗೆ ಕನ್ನಡ ಎಲ್ಲಿಂದ ಬಂತು, ಕೇಳು."

ಬೆಂಗಳೂರಿನಿಂದ ಬಂದಿತ್ತು. ಅಂದಿನಿಂದ ಭಾನುವಾರದ ಮಧ್ಯಾಹ್ನಗಳು ಲೆನ್‌ನವಾದವು. ಹಿತ್ತಿಲ ಜಗಲಿಯಲ್ಲಿ ಮಿಸ್ ಐವಿ ಬಿಸ್ಕತ್ತಿನ ಡಬ್ಬಿಯಿಂದ ಒಂದೊಂದೇ ಕಾಗದ ತೆಗೆದು ಓದುವುದು, ಅಮ್ಮ ತನ್ನ ಊರಿನ ಬೀದಿಗಳನ್ನು ಗುರುತು ಹಿಡಿದು ಸಂಭ್ರಮಪಡುವುದು, ನಾನು ಅರ್ಥವಾದದ್ದನ್ನು ಪರದೆ ಬಾಗಿಲಿನ ಒಳಗೆ ಬೆನ್ನು ತಿರುಗಿಸಿ ಬೀನ್ಸ್ ಸೋಸುತ್ತ ಕೂತ ಅಜ್ಜಿಗೆ ಕನ್ನಡದಲ್ಲಿ ಹೇಳುವುದು. ಅಜ್ಜಿ ಕೇಳಿದವಳಲ್ಲ, ಹೇಳುವ ಚಪಲ ನನ್ನದು. ಆದರೆ ಮೂರನೆಯ ಭಾನುವಾರ ನಾನು ನಡುವೆ ನೀರು ಕುಡಿಯಲು ಎದ್ದಾಗ, ಬೆನ್ನು ತಿರುಗಿಸದೆಯೇ ಅಂದಳು:

"ಮುಂದ?"

ಹೀಗೆ ಲೆನ್ ನಮಗೆ ಗೊತ್ತಾದ. ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ತಂಗಿಗೆ ಸೈಕಲ್ ಕಲಿಸುವಾಗ ಹಿಂದೆ ಹಿಡಿದಿದ್ದೇನೆಂದು ಹೇಳುತ್ತ ಕೈಬಿಟ್ಟು, ಅವಳು ಒಂದು ಬೀದಿ ದಾಟಿದ ಮೇಲೆ ದೂರದಿಂದ ಚಪ್ಪಾಳೆ ಹೊಡೆದವನು. ಹದಿನೆಂಟಕ್ಕೆ ಸೈನ್ಯ ಸೇರಿದ. ತೋಪಿನ ದಳಕ್ಕೆ ಹಾಕಿದರು. ಒಂದು ತೋಪಿಗೆ ಆರು ಜನ. ಅವರಲ್ಲಿ ಗುರಿ ಹಿಡಿಯುವವನು ಲೆನ್. ಎಡಕ್ಕೆ ಒಂದು ಸಣ್ಣ ಆಸನ, ಮುಂದೆ ಗುರಿಗಾಜು, ಕೈಯಲ್ಲಿ ತಿರುಗಿಸುವ ಚಕ್ರ. ಸೈಕಲ್ ಚಕ್ರಕ್ಕಿಂತ ಸೂಕ್ಷ್ಮವೇನಲ್ಲ ಎಂದು ಬರೆದಿದ್ದ. ಅವನು ಹಾರಿಸಿದ ಗುಂಡು ಎಲ್ಲಿ ಬೀಳುತ್ತದೆಂಬುದು ಅವನಿಗೆ ಕಾಣುತ್ತಿರಲಿಲ್ಲ. ದೂರದಲ್ಲಿದ್ದ ಯಾರೋ ನೋಡಿ ಹೇಳುತ್ತಿದ್ದರು, ಇವನು ಚಕ್ರ ತಿರುಗಿಸುತ್ತಿದ್ದ. ಹಡಗಿನಲ್ಲಿ ಇಂಡಿಯಾಕ್ಕೆ ಬಂದವನಿಗೆ ಮಲೇರಿಯಾ ಹಿಡಿಯಿತು. ದಳ ಮುಂದೆ ಹೋಯಿತು. ಇವನನ್ನು ಬೆಂಗಳೂರಿನಲ್ಲಿ ಉಳಿಸಿಕೊಂಡು ಹೊಸಬರಿಗೆ ಗುರಿ ಹಿಡಿಯುವುದನ್ನು ಕಲಿಸಲು ಹಾಕಿದರು. ಒಂದು ದಿನ ರಸ್ತೆಯಲ್ಲಿ ಸರಪಳಿ ಕಳಚಿಕೊಂಡ ಸೈಕಲ್ಲನ್ನು ರಿಪೇರಿ ಮಾಡಿಕೊಟ್ಟದ್ದಕ್ಕೆ ಅದರ ಒಡೆಯರು, ಒಬ್ಬ ಹೈಸ್ಕೂಲ್ ಮಾಸ್ತರರು, ಮನೆಗೆ ಊಟಕ್ಕೆ ಕರೆದರು. ನೆಲದ ಮೇಲೆ ಕೂತು ಎಲೆಯಲ್ಲಿ ಉಂಡದ್ದನ್ನು ನಾಲ್ಕು ಪುಟ ಬರೆದಿದ್ದ. ಮನೆಯ ಮುದುಕಿ ಬಡಿಸುತ್ತಲೇ ಇದ್ದಳಂತೆ. "ಬೇಡ ಅನ್ನಲು ಒಂದು ಪದ ಕಲಿಸಿದ್ದಾರೆ, ಆದರೆ ಅದನ್ನು ಹೇಳಿದರೆ ಇಲ್ಲಿ ಯಾರೂ ನಂಬುವುದಿಲ್ಲ" ಎಂದಿದ್ದ. ಆಮೇಲೆ ತಿಂಗಳಿಗೆರಡು ಸಲ ಅಲ್ಲೇ ಅವನ ಊಟ. ಆ ಕಾಗದ ಓದಿದ ದಿನ ಅಜ್ಜಿ ಬೀನ್ಸಿನ ತಟ್ಟೆ ಎತ್ತಿಕೊಂಡು ಬಂದು, ಪರದೆಯ ಈಚೆ, ಜಗಲಿಯಲ್ಲೇ ಕೂತಳು.

ನಂತರ ಅವನೇ ಕೇಳಿಕೊಂಡು ತನ್ನ ದಳಕ್ಕೆ ವಾಪಸ್ಸು ಹೋದ. ಯಾಕೆ ಹೋದನೆಂದು ಅಮ್ಮ ಕೇಳಿದಾಗ ಮಿಸ್ ಐವಿ ಡಬ್ಬಿಯ ಮುಚ್ಚಳ ಹಾಕಿ, ತಲೆನೋವೆಂದು ಎದ್ದುಹೋದರು. ಮುಂದಿನ ವಾರ ಅವನ ಸಾವಿನ ಕಾಗದಗಳನ್ನು ತಂದರು. ಎರಡಿದ್ದವು. ಅಧಿಕಾರಿಯ ಕಾಗದದಲ್ಲಿ, ಲೆನ್ ತನ್ನ ತೋಪಿನ ಬಳಿ ಕರ್ತವ್ಯ ಮಾಡುತ್ತಲೇ ಮಡಿದ, ನೋವಾಗಲಿಲ್ಲ ಎಂದಿತ್ತು. ಜೊತೆಯವನೊಬ್ಬ ಬಹಳ ತಿಂಗಳ ಮೇಲೆ ಬರೆದ ಕಾಗದದಲ್ಲಿ ಬೇರೆ ಇತ್ತು. ಮಳೆ ನಿಂತ ಒಂದು ಬೆಳಗು. ನೀರು ತರುವ ಪಾಳಿಯವನಿಗೆ ಜ್ವರ. ತಾನು ಹೋಗುತ್ತೇನೆಂದು ಲೆನ್ ಎರಡು ಕ್ಯಾನು ಹಿಡಿದು ಗುಡ್ಡದ ಕೆಳಗಿನ ಹಳ್ಳಕ್ಕೆ ಇಳಿದ. ಶತ್ರುವಿನ ಗುಂಡು ತೋಪಿನ ಹತ್ತಿರ ಬೀಳಲಿಲ್ಲ, ಹಳ್ಳದಲ್ಲಿ ಬಿತ್ತು. ಹೊತ್ತು ತಂದರು. ಮಧ್ಯಾಹ್ನದವರೆಗೆ ಉಸಿರಿತ್ತು. ಕ್ಯಾನುಗಳಿಗೆ ಏನೂ ಆಗಿರಲಿಲ್ಲವಂತೆ. ಅವನಿಗೆ ಇಪ್ಪತ್ತೊಂದು. ಊರಿನವರಿಗೆಲ್ಲ ಅವರಮ್ಮ ಮೊದಲನೆಯ ಕಾಗದವನ್ನಷ್ಟೇ ತೋರಿಸಿದ್ದರು. ನಾನು ಇದನ್ನೆಲ್ಲ ಹೇಳಿ ಮುಗಿಸಿದಾಗ ಅಜ್ಜಿ ಮೊದಲ ಸಲ ಮಿಸ್ ಐವಿಯ ಮುಖ ನೋಡಿ ಮಾತಾಡಿದಳು.

"ನೀರಿಗೆ ಹೋದಾವ ಸತ್ತ ಅಂತ ಹೇಳಾಕ ಯಾಕ ನಾಚಿಕಿ? ಅದೇನು ಕಮ್ಮಿ ಸಾವಾ?"

ಅದನ್ನು ನಾನು ಸರಿಯಾಗಿಯೇ ಇಂಗ್ಲಿಷಿಗೆ ಮಾಡಿ ಹೇಳಿದೆ. ತಪ್ಪಿದ್ದು ಮುಂದಿನ ಸಲ.

ಅಪ್ಪ ಅಮ್ಮ ಅಂಗಡಿಗೆ ಹೋಗಿದ್ದ ಒಂದು ಮಧ್ಯಾಹ್ನ ಮಿಸ್ ಐವಿ ಡಬ್ಬಿಯಿಲ್ಲದೆ, ಒಂದೇ ಕಾಗದ ಹಿಡಿದು ಬಂದರು. ಅದು ಲೆನ್ ಬರೆದದ್ದಲ್ಲ, ಅವರೇ ಬರೆದದ್ದು. ಸತ್ತವನ ಸಾಮಾನಿನ ಜೊತೆ ತಿರುಗಿ ಬಂದಿತ್ತು. ಓದಿ ಅಜ್ಜಿಗೆ ಹೇಳು ಎಂದರು. ಹದಿನಾರು ವರ್ಷದ ಹುಡುಗಿಯ ದುಂಡು ಅಕ್ಷರ. ಊರಿನಲ್ಲಿ ಎಲ್ಲ ಹುಡುಗಿಯರ ಅಣ್ಣಂದಿರೂ ಯುದ್ಧ ಮಾಡುತ್ತಿದ್ದಾರೆ, ನನ್ನ ಅಣ್ಣನೊಬ್ಬ ಬೆಂಗಳೂರಿನಲ್ಲಿ ಕೂತು ಊಟ ಮಾಡುತ್ತಿದ್ದಾನೆ, ಗೆಳತಿಯರು ಕೇಳಿದರೆ ಏನು ಹೇಳಲಿ ಎಂದು ಬರೆದಿದ್ದರು. ಅದು ಕೈಸೇರಿದ ವಾರವೇ ಲೆನ್ ವಾಪಸ್ಸು ಕಳಿಸಿ ಎಂದು ಅರ್ಜಿ ಹಾಕಿದ್ದ.

"ನಿಮ್ಮಜ್ಜಿಯನ್ನು ಕೇಳು. ಅವನನ್ನು ಸಾಯಲು ಕಳಿಸಿದ್ದು ನಾನೇ ಅಲ್ಲವೇ?" ಎಂದರು.

ನಾನು ಅಜ್ಜಿಯ ಕಡೆ ತಿರುಗುವ ಮೊದಲೇ ಮತ್ತೆ ಹೇಳಿದರು: "ಅವರು ಒಂದು ದಿನವೂ ನನಗೆ ಹಿತವಾಗಲೆಂದು ಮಾತಾಡಿದವರಲ್ಲ. ಅದಕ್ಕೇ ಅವರನ್ನು ಕೇಳುತ್ತಿದ್ದೇನೆ."

ಕೇಳಿದೆ. ಅಜ್ಜಿ ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದಳು.

"ಹೌದು. ಅಕಿ ಮಾತಿಗೇ ಹೋದ ಆವಾ. ಇಲ್ಲ ಅಂತ ನಾ ಸುಳ್ಳ ಹೇಳಾಂಗಿಲ್ಲ. ನಾನೂ ಹಂಗ ಮಾಡೀನಿ. ಓಣ್ಯಾಗಿನ ಗಂಡಸರೆಲ್ಲಾ ಚಳವಳಿಗೆ ಹೊಂಟಾಗ ನಿಮ್ಮಜ್ಜಗ ಅಂದೆ, ಎಲ್ಲಾರ ಗಂಡಂದಿರೂ ಹೊಂಟಾರ, ನೀವು ಖಡು ಹಿಡಕೊಂಡು ಬೋರ್ಡಿನ ಮುಂದ ನಿಂತೀರಿ ಅಂತ. ಮರುದಿನಾ ಹೋದ್ರು. ಜೈಲಿನಿಂದ ತಿರುಗಿ ಬಂದಾಗ ಎದ್ಯಾಗ ಏನೂ ಉಳಿದಿದ್ದಿಲ್ಲ. ಯಾರಿಗೂ ಹೇಳಿಲ್ಲ ನಾ ಇದನ್ನ, ನಿಮ್ಮಪ್ಪಗೂ. ಹೇಳಿದ್ದು ನಮ್ಮ ಬಾಯಿ; ನಡದದ್ದು ಅವರ ಕಾಲು. ಎರಡೂ ಖರೇ. ಅಕಿಗೆ ಹೇಳು."

ಹತ್ತು ವರ್ಷದ ನನಗೆ ಆ ಮಾತುಗಳ ಭಾರ ಗೊತ್ತಾಯಿತು. ಗೊತ್ತಾದದ್ದರಿಂದಲೇ ಹೆದರಿದೆ. ಎದುರಿಗೆ ಮಿಸ್ ಐವಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನೋ" ಎಂದೆ. "ಇಲ್ಲವಂತೆ. ನಿಮ್ಮ ತಪ್ಪೇನಿಲ್ಲವಂತೆ."

ಅವರು ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ, ಎಂದಿನಂತೆ ಕುರ್ಚಿಯನ್ನು ಗೋಡೆಗೆ ಸರಿಸಿಟ್ಟು ಹೊರಟುಹೋದರು. ಅವರ ಬಾಗಿಲು ಮುಚ್ಚಿದ ಸದ್ದಾದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದಳು.

"ನಾ ಹೇಳಿದ್ದು ಇಷ್ಟುದ್ದ. ನೀ ಹೇಳಿದ್ದು ಬೊಟ್ಟಿನಷ್ಟು. ನೋ ಅಂದ್ರ ಇಲ್ಲ ಅಂತ ನನಗ ಗೊತ್ತಿಲ್ಲೇನು?"

"ಅವರಿಗೆ ಬೇಜಾರಾಗುತ್ತೆ ಅಜ್ಜಿ."

"ಬ್ಯಾಸರ ಆಗ್ಲಿ. ಅಕಿ ನನ್ನ ಕೇಳ್ಯಾಳ. ನನ್ನ ಮಾತು ನೀ ಯಾಕ ನುಂಗಿದಿ?"

ಹೊಡೆಯಲಿಲ್ಲ, ಬೈಯಲಿಲ್ಲ. ಮರುದಿನ ಬೆಳಿಗ್ಗೆ ದೀಪ ಹಚ್ಚಿದವಳೇ, ಇಸ್ತ್ರಿ ಮಾಡಿದ ಸೀರೆ ಉಟ್ಟು, ನನ್ನ ಮುಂಗೈ ಹಿಡಿದು ಮಿಸ್ ಐವಿಯ ಮುಂಬಾಗಿಲಿಗೆ ನಡೆದಳು. ನಾಲ್ಕು ವರ್ಷದಲ್ಲಿ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅಪ್ಪ ಅಂಗಳದಲ್ಲಿ ಮಷೀನಿನಿಂದ ಹುಲ್ಲು ಕತ್ತರಿಸುತ್ತಿದ್ದವನು ಬೆರಗಾಗಿ ಅದನ್ನು ನಿಲ್ಲಿಸಿದ. ಮಿಸ್ ಐವಿ ಬಾಗಿಲು ತೆಗೆದರು. ಅಜ್ಜಿ ಒಳಗೆ ಹೋಗಲಿಲ್ಲ. ನಿಂತಲ್ಲೇ, ಒಂದೊಂದು ವಾಕ್ಯ ಹೇಳಿ ನನ್ನ ಕಡೆ ನೋಡುವಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆಯೇ ಮುಂದಿನದು. ಹೌದು, ನಿನ್ನ ಮಾತಿಗೇ ಹೋದ. ನಾನೂ ಹಾಗೆ ಮಾಡಿದ್ದೇನೆ. ಖಡು, ಅಂದರೆ ಸೀಮೆಸುಣ್ಣದ ಮಾತು ಬಂದಾಗ ನನಗೆ ಇಂಗ್ಲಿಷ್ ಪದ ತಟ್ಟನೆ ಹೊಳೆಯದೆ ಗಾಳಿಯಲ್ಲಿ ಬರೆದು ತೋರಿಸಿದೆ. ಹಿಂದೆ ಅಪ್ಪ ಎರಡು ಹೆಜ್ಜೆ ಬಂದು ನಿಂತದ್ದು ಗೊತ್ತಾಗುತ್ತಿತ್ತು. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ತನ್ನ ತಂದೆ ಯಾರ ಮಾತಿಗೆ ಮನೆ ಬಿಟ್ಟರೆಂಬುದನ್ನು ಅವನು ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. ಬಾಯಿಯ ಮಾತು, ಕಾಲಿನ ಮಾತು, ಎಲ್ಲ ಹೇಳಿದೆ. ಕೊನೆಗೆ, ಅಜ್ಜಿ ಹೇಳೆಂದದ್ದಕ್ಕೆ, ನಿನ್ನೆ ನಾನು ಸುಳ್ಳು ಹೇಳಿದ್ದೆ ಎಂದೂ ಹೇಳಿದೆ.

ಮಿಸ್ ಐವಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅತ್ತಾರೆಂದು ನಾನು ಕಾದೆ. ಅಳಲಿಲ್ಲ.

"ಪಾದ್ರಿ 'ಇಲ್ಲ, ನಿನ್ನ ತಪ್ಪಲ್ಲ' ಅಂದರು. ನನ್ನ ಗಂಡ ಇಲ್ಲ ಅಂದ. ನಲವತ್ತು ವರ್ಷ ಎಲ್ಲರೂ ಇಲ್ಲ ಇಲ್ಲ ಅಂದರು. ಹಾಗೆ ಅಂದಾಗಲೆಲ್ಲ ನಾನು ಅದರ ಜೊತೆ ಒಬ್ಬಳೇ ಉಳಿದುಬಿಡುತ್ತಿದ್ದೆ" ಎಂದು, ಬಾಗಿಲನ್ನು ಪೂರ್ತಿ ತೆಗೆದರು. "ಟೀ ಕುಡಿಯುತ್ತಾರೇನು, ಕೇಳು."

ಅದನ್ನು ಹೇಳುವ ಮೊದಲೇ ಅಜ್ಜಿ ಚಪ್ಪಲಿ ಬಿಟ್ಟಿದ್ದಳು. ಹೊರಗೆ ಅಪ್ಪ ಮೆಟ್ಟಿಲ ಮೇಲೆ ಕೂತ. ಅರ್ಧ ಕತ್ತರಿಸಿದ ಹುಲ್ಲು ಆ ವಾರವೆಲ್ಲ ಹಾಗೇ ಇತ್ತು. ಊಟಕ್ಕೆ ಬಂದವರ ಮುಂದೆ ಅಜ್ಜನ ಫೋಟೊ ತೋರಿಸಿ ಆ ಮಾತು ಹೇಳುವುದನ್ನೂ ಅವನು ನಿಲ್ಲಿಸಿದ. ಅಮ್ಮನ ಹತ್ತಿರ ಒಮ್ಮೆ ಜೋರಾಗಿ "ಇಷ್ಟು ವರ್ಷ ನನ್ನ ಮುಂದ ಯಾಕ ಹೇಳಲಿಲ್ಲ ಅಕಿ?" ಎಂದದ್ದು ಬಿಟ್ಟರೆ, ಅಜ್ಜಿಗೆ ಎದುರಾಗಿ ಏನೂ ಕೇಳಲಿಲ್ಲ. ತಾಯಿ ಮಗ ಉಪ್ಪು ಕೊಡು, ನೀರು ಕೊಡು ಎಂಬಷ್ಟೇ ಮಾತಾಡಿಕೊಂಡು ಒಂದು ಬೇಸಿಗೆ ಕಳೆದರು.

ನಾನೀಗ ಡ್ಯಾಲಸ್ಸಿನ ಕೋರ್ಟುಗಳಲ್ಲಿ, ಆಸ್ಪತ್ರೆಗಳಲ್ಲಿ ದುಭಾಷಿ. ಕನ್ನಡಕ್ಕೆ ಕರೆ ಬರುವುದು ಅಪರೂಪ, ಹಿಂದಿಗೆ ಹೆಚ್ಚು. ಡಾಕ್ಟರು ಕೆಟ್ಟ ಸುದ್ದಿ ಹೇಳುವಾಗ ರೋಗಿಯ ಮಗ ನನ್ನ ಕಡೆ ಬಗ್ಗಿ, "ಆಂಟಿ, ಅಮ್ಮನಿಗೆ ಇದನ್ನ ಹೇಳ್ಬೇಡಿ, ಸ್ವಲ್ಪ ಅಡ್ಜಸ್ಟ್ ಮಾಡಿ" ಎನ್ನುವುದುಂಟು. ನಾನು ಅಡ್ಜಸ್ಟ್ ಮಾಡುವುದಿಲ್ಲ. ಈ ಕೆಲಸದಲ್ಲಿ ನಾನು ನುರಿತವಳು ಎಂದು ಸಂಕೋಚವಿಲ್ಲದೆ ಹೇಳಬಲ್ಲೆ. ಇದನ್ನು ನನಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ನನ್ನ ಮುಂಗೈ ಹಿಡಿದ ಆ ಒರಟು ಕೈ. ಅಜ್ಜಿ ನಾನು ಹೈಸ್ಕೂಲಿನಲ್ಲಿದ್ದಾಗ ಹೋದಳು. ಮಿಸ್ ಐವಿ ನಾನು ಆಸ್ಟಿನ್ನಿನಲ್ಲಿ ಓದುತ್ತಿದ್ದಾಗ. ಅಪ್ಪ ಅಮ್ಮ ಈಗ ಫುಲ್‌ಶೀರ್‌ನ ಹೊಸ ಬಡಾವಣೆಯಲ್ಲಿದ್ದಾರೆ. ಅಲ್ಲಿ ಯಾರ ಗೋಡೆಗೂ ಯಾರ ಗೋಡೆಯೂ ತಾಗುವುದಿಲ್ಲ. ಬಿಸ್ಕತ್ತಿನ ಡಬ್ಬಿ ಡ್ಯಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚಿನ ನನ್ನ ಮನೆಯಲ್ಲಿದೆ.

ಆದರೆ ಆ ಮನೆಯನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಆ ಬೇಸಿಗೆ ಕಳೆದ ಮೇಲೆ ಬಂದ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ. ಮಿಸ್ ಐವಿಯ ಹಿತ್ತಿಲಲ್ಲಿ ಬಾಳೆಗಿಡಗಳಿದ್ದವು; ಹ್ಯೂಸ್ಟನ್ನಿನ ಸೆಕೆಗೆ ಅವು ಯಾರೂ ಕೇಳದೆ ಬೆಳೆಯುತ್ತವೆ. ಅಜ್ಜಿ ಬೆಳಿಗ್ಗೆ ಅಲ್ಲಿಂದ ಎಲೆ ಕೊಯ್ದು ತಂದು, ಅಜ್ಜನ ಫೋಟೊದ ಕೆಳಗೆ ಎರಡು ಎಲೆ ಹಾಸಿದಳು. ಅಪ್ಪ ನೋಡಿದ.

"ಎರಡನೇದು ಯಾರಿಗೆ?"

"ಐವಮ್ಮನ ಅಣ್ಣಗ."

"ಅವ್ವಾ, ಅಪ್ಪನ್ನ ಜೈಲಿಗೆ ಹಾಕಿದವರ ಸಿಪಾಯಿಗೆ ಅಪ್ಪನ ಬಾಜೂಕ ಎಡಿ ಇಡೂದೇನು?"

"ಜೈಲಿಗೆ ಹಾಕಿದಾವ ಇವಲ್ಲ. ಇವ ನೀರು ತರಾಕ ಹೋದಾವ. ನಿಮ್ಮಪ್ಪ ಇದ್ದಿದ್ರ ಬಾಜೂಕ ಕುಂದರಿಸಿಕೋತಿದ್ರು. ಮಾಸ್ತರಿದ್ರು ಅವರು."

ಅಪ್ಪ ಕೈಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತೇ ಇದ್ದ. ಅಮ್ಮ ಅನ್ನದ ಪಾತ್ರೆ ಹಿಡಿದು ಅವನ ಮುಖ ನೋಡುತ್ತಿದ್ದಳು. ಕೊನೆಗೆ ಅವನು ಕೂತು, ಮೊದಲ ಎಲೆಯ ಸುತ್ತ ನೀರು ಬಿಟ್ಟು ತನ್ನ ತಂದೆಯ ಹೆಸರು ಹೇಳಿದ. ಎರಡನೆಯ ಎಲೆಯ ಸುತ್ತ ನೀರು ಬಿಟ್ಟು "ಲೆನ್" ಎಂದ. ಬಾಗಿಲ ಬಳಿ ನಿಂತಿದ್ದ ಮಿಸ್ ಐವಿಗೆ ಆ ಒಂದು ಶಬ್ದ ತಿಳಿಯಿತು. ಅಮ್ಮ ಅವರನ್ನು ಕರೆತಂದು ಅಜ್ಜಿಯ ಪಕ್ಕ ಕೂರಿಸಿದಳು.

ಎಲ್ಲರೂ ಊಟಕ್ಕೆ ಕೂತೆವು. ಅಪ್ಪ ಎರಡು ತುತ್ತು ಉಂಡು ನಿಲ್ಲಿಸಿದ.

"ಅವ್ವಾ, ಅವತ್ತು ಹೊಂಟಾಗ ಅಪ್ಪ ಏನರ ಅಂದ್ರೇನು?"

ಅಜ್ಜಿ ತಲೆಯೆತ್ತಿದಳು. ಬೇಸಿಗೆಯಿಡೀ ಕಾದಿದ್ದ ಪ್ರಶ್ನೆ. ಅವಳು ಮೆಲ್ಲಗೆ ಶುರುಮಾಡಿದಳು. ಅವತ್ತು ಅಜ್ಜ ಉಟ್ಟಿದ್ದ ಧೋತರ, ಅವಳೇ ಕಟ್ಟಿಕೊಟ್ಟ ಬುತ್ತಿ, ಹೊರಗೆ ನಿಂತು ಕರೆಯುತ್ತಿದ್ದ ಗೆಳೆಯರು. ನಾನು ಅಭ್ಯಾಸಬಲದಿಂದ ಮಿಸ್ ಐವಿಯ ಕಡೆ ಬಗ್ಗಿ ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಅವರು ನನ್ನ ಕೈಮೇಲೆ ಕೈಯಿಟ್ಟು ಬೇಡವೆಂದು ತಲೆಯಾಡಿಸಿದರು. "ಅದು ನನಗೆ ಹೇಳುತ್ತಿರುವುದಲ್ಲ" ಎಂದರು. ನಾನು ಅಲ್ಲಿಗೇ ನಿಲ್ಲಿಸಿದೆ.

"ಹೊಸ್ತಲಾ ದಾಟಿ, ಮತ್ತ ಹೊಳ್ಳಿ ಬಂದ್ರು" ಎಂದಳು ಅಜ್ಜಿ. "ನನ್ನ ಮ್ಯಾಲೆ ಸಿಟ್ಟು ಮಾಡ್ತಾರ ಅಂದುಕೊಂಡೆ. ಇಲ್ಲ. ತೊಟ್ಟಿಲಾಗ ಕೈ ಹಾಕಿ ನಿನ್ನ ಕಾಲು ಮುಟ್ಟಿ ನೋಡಿದ್ರು. ಕೂಸಿನ ಕಾಲು ತಣ್ಣಗ ಆಗ್ಯಾವ, ಹೊಚ್ಚು ಅಂದ್ರು. ಅಷ್ಟ ಅಂದ್ರು. ಹೋದ್ರು."

ಅಪ್ಪ ತಲೆ ಬಗ್ಗಿಸಿ ಎಲೆಯ ಅನ್ನ ಕಲಸತೊಡಗಿದ. ಮಿಸ್ ಐವಿ ಏನಾಯಿತೆಂದು ಯಾರನ್ನೂ ಕೇಳಲಿಲ್ಲ. ಮೆಲ್ಲಗೆ ಎದ್ದು, ತುಪ್ಪದ ಬಟ್ಟಲು ತೆಗೆದುಕೊಂಡು ಬಂದು ಅಪ್ಪನ ಅನ್ನಕ್ಕೆ ಬಡಿಸಿದರು.